ಆಯುಧಪೂಜೆಯಲ್ಲಿ ನೆನೆದ ಗಟ್

ಯಾವ ವಸ್ತು ಎಷ್ಟು ಕಾಲ ಬಾಳಿಕೆ ಬರುತ್ತದೆ ಎಂದು ಹೇಳುವುದೇ ನನ್ನ ಹೊಟ್ಟೆಪಾಡು. ಪೀಣ್ಯದಲ್ಲಿ ಸ್ಪ್ರಿಂಗ್ ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಇದ್ದೇನೆ. ಸ್ಪ್ರಿಂಗನ್ನು ಯಂತ್ರಕ್ಕೆ ಸಿಕ್ಕಿಸಿ, ಒತ್ತಿ, ಬಿಟ್ಟು, ಮತ್ತೆ ಒತ್ತಿ, ಮತ್ತೆ ಬಿಟ್ಟು, ಕಡೆಗೆ ಅದು ಟಪ್ ಎಂದು ಮುರಿದಾಗ ಸಂತೋಷಪಡುವ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಮದುವೆಮನೆಗೆ ಹೋದರೂ ಹುಡುಗಿಯ ಸೀರೆಗಿಂತ ಮೊದಲು ನಾನು ಕೂರಬೇಕಾದ ಪ್ಲಾಸ್ಟಿಕ್ ಕುರ್ಚಿಯ ಕಾಲು ನೋಡುತ್ತೇನೆ. ಮನೆಯ ಮಿಕ್ಸಿ, ಕುಕ್ಕರಿನ ಗ್ಯಾಸ್ಕೆಟ್, ನಾದಿನಿಯ ಗಂಡ ಶುರುಮಾಡಿದ ಹೊಸ ವ್ಯಾಪಾರ, ಯಾವುದರ ವಿಷಯದಲ್ಲೂ ನನ್ನ ಅಂದಾಜು ಸುಳ್ಳಾಗಿಲ್ಲ. ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಾರದು ನಿಜ. ಆದರೆ ಬೇರೆ ಯಾರೂ ಹೇಳುವ ಲಕ್ಷಣ ಕಾಣದಿದ್ದರೆ ಏನು ಮಾಡುವುದು?

ನಮ್ಮ ಯಜಮಾನರು ಸರ್ಕಾರಿ ಕಾರ್ಖಾನೆಯವರು. ಅದರ ಕ್ವಾರ್ಟರ್ಸಿನಲ್ಲೇ ನಮ್ಮ ಸಂಸಾರ. ಕ್ವಾರ್ಟರ್ಸಿನ ಕ್ಲಬ್ಬಿನಲ್ಲಿ ಕೆಮ್ಮಣ್ಣಿನ ಒಂದು ಟೆನಿಸ್ ಕೋರ್ಟ್ ಇದೆ. ಪ್ರತಿ ದಸರೆಗೆ ಅಲ್ಲಿ ಗಂಡ-ಹೆಂಡಿರ ಡಬಲ್ಸ್ ಪಂದ್ಯಾವಳಿ ನಡೆಯುತ್ತದೆ. ವಿಜಯದಶಮಿಯ ಸಂಜೆ ಫೈನಲ್. ನಾವಿಬ್ಬರೂ ಎಷ್ಟೋ ಸಲ ಫೈನಲ್ಲಿಗೆ ಹೋಗಿ ಅಷ್ಟೇ ಸಲ ಸೋತು, ಉಪ್ಪಿಟ್ಟು ತಿಂದು ಮನೆಗೆ ಬಂದವರು. ಈ ಸಲ ಮಾತ್ರ ಅವರು ಒಂದು ಥರಾ ಆಸೆ ಇಟ್ಟುಕೊಂಡಿದ್ದರು. ಡಿಸೆಂಬರಿಗೆ ಅವರ ನಿವೃತ್ತಿ, ಆಮೇಲೆ ಪಂದ್ಯಾವಳಿಗೆ ಸೇರಿಸಿಕೊಳ್ಳುವುದಿಲ್ಲ. "ಆ ಕಪ್ಪನ್ನ ಒಂದ್ಸಲ ನಮ್ಮ ಟೀವಿ ಪಕ್ಕ ಇಟ್ಟು ನೋಡ್ಬೇಕು ಕಣೆ ಸುಮಾ" ಎಂದಿದ್ದರು. ಅವರು ಬಾಯಿಬಿಟ್ಟು ಏನನ್ನಾದರೂ ಕೇಳುವುದು ಅಪರೂಪ.

ಕೇಳಿದ ಮೇಲೆ ನಾನು ಸುಮ್ಮನಿರುತ್ತೇನೆಯೇ? ನನ್ನ ರ‍್ಯಾಕೆಟ್ಟಿಗೆ ಹೈಬ್ರಿಡ್ ಗಟ್ ಹಾಕಿಸಿದೆ. ನಮ್ಮ ಕಡೆ ರ‍್ಯಾಕೆಟ್ಟಿನ ದಾರ ಯಾವುದೇ ಆಗಿರಲಿ, ಎಲ್ಲಕ್ಕೂ ಗಟ್ ಎಂದೇ ಹೆಸರು. ನಾನು ಹಾಕಿಸಿದ್ದು ಉದ್ದಕ್ಕೆ ಹಸುವಿನ ಕರುಳಿನಿಂದ ಮಾಡಿದ ಅಸಲಿ ಗಟ್, ಅಡ್ಡಕ್ಕೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಅಷ್ಟು ಸುಲಭವಾಗಿ ಹರಿಯುವುದಿಲ್ಲ, ಆದರೆ ಬಹಳ ಬೇಗ ಬಿಗಿ ಕಳೆದುಕೊಂಡು ಹೊಸದರಂತೆ ಮುಖ ಮಾಡಿಕೊಂಡು ಕೂತಿರುತ್ತದೆ. ಅಂಥವರು ನಮ್ಮ ಆಫೀಸಿನಲ್ಲೂ ಒಂದಿಬ್ಬರಿದ್ದಾರೆ. ಅಸಲಿ ಗಟ್ ಹಾಗಲ್ಲ. ಮೈಮೇಲೆಲ್ಲ ನಾರು ಎದ್ದರೂ ಬಿಗಿ ಬಿಡದೆ, ಹರಿಯುವ ದಿನದವರೆಗೂ ಚೆಂಡನ್ನು ಚೆನ್ನಾಗಿ ಒದೆಯುತ್ತದೆ, ಥೇಟ್ ನಮ್ಮ ಅತ್ತೆಯ ಹಾಗೆ.

"ಅಡ್ಡಕ್ಕಿರೋ ಪಾಲಿ ಗರಗಸದ ಥರ ಗಟ್ಟನ್ನ ಕುಯ್ದುಬಿಡುತ್ತಂತಲ್ಲೇ?" ಎಂದರು ಯಜಮಾನರು.

"ಅಂಚಿರೋದು ಹಾಕ್ಸಿದ್ರೆ ಕುಯ್ಯುತ್ತೆ. ನಾನು ಹಾಕ್ಸಿರೋದು ನುಣ್ಣಗಿರೋ ದುಂಡನೇದು, ಅದೂ ಸ್ವಲ್ಪ ಸಡಿಲವಾಗಿ. ಫೈನಲ್ ಮುಗಿಯೋವರೆಗೂ ಹರಿಯಲ್ಲ. ಯಾರ ಹತ್ರ ಮಾತಾಡ್ತಿದೀರಿ ರೀ ನೀವು?" ಎಂದೆ. ಕ್ಲಬ್ಬಿನಲ್ಲೂ ಇದನ್ನೇ ಕಂಡವರಿಗೆಲ್ಲ ಸಾರಿದೆ.

ಅಸಲಿ ಗಟ್ಟಿಗೆ ಇರುವ ಶತ್ರು ಒಂದೇ, ನೀರು. ನೀರು ಕುಡಿದರೆ ಉಬ್ಬಿ, ನಾರು ನಾರಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಮಳೆ ಬಂದ ದಿನ ನಾನು ರ‍್ಯಾಕೆಟ್ಟನ್ನು ಚೀಲದಿಂದ ಹೊರಗೇ ತೆಗೆಯುತ್ತಿರಲಿಲ್ಲ. ಮಳೆಯ ಮೇಲೆ ಕಣ್ಣಿಟ್ಟ ನಾನು ಆಯುಧಪೂಜೆಯನ್ನು ಮರೆತೆ. ಕಾರ್ಖಾನೆಯವರ ಮನೆಯಲ್ಲಿ ಆಯುಧಪೂಜೆ ಎಂದರೆ ಸಣ್ಣ ಮಾತಲ್ಲ. ಒಂದು ಸ್ಕ್ರೂಡ್ರೈವರನ್ನು ಬಿಟ್ಟರೂ ಅದು ವರ್ಷವಿಡೀ ಮುನಿಸಿಕೊಂಡಿರುತ್ತದೆ ಎಂದು ಅತ್ತೆಯ ನಂಬಿಕೆ. ಅಂದು ನಾನು ನಮ್ಮ ಕಾರ್ಖಾನೆಯಲ್ಲಿ ಪರೀಕ್ಷಾ ಯಂತ್ರದ ಮುಂದೆ ಬೂದುಗುಂಬಳಕಾಯಿ ಒಡೆಸಿ, ಸಿಹಿಬೂಂದಿಯ ಪೊಟ್ಟಣ ಹಿಡಿದು ಮನೆಗೆ ಬಂದರೆ, ಈಳಿಗೆಮಣೆಗೂ ಸ್ಪ್ಯಾನರಿಗೂ ನಡುವೆ ನನ್ನ ರ‍್ಯಾಕೆಟ್ ವಿಭೂತಿ ಕುಂಕುಮ ಧರಿಸಿ ಮಲಗಿತ್ತು. ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಏನತ್ತೆ ಇದು!"

"ಮೈಯೆಲ್ಲ ಕೆಮ್ಮಣ್ಣಾಗಿತ್ತಲ್ಲಮ್ಮ. ಕೊಳೇಲಿ ಹೆಂಗೆ ಪೂಜೆ ಮಾಡೋದು? ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತಿಕ್ಕಿದೆ."

"ಅಯ್ಯೋ, ಅದು ಹಸುವಿನ ಕರುಳು ಅತ್ತೆ!" ಎಂದು ಕಿರುಚಿಬಿಟ್ಟೆ.

ಗಾಬರಿಯಲ್ಲಿ ಬಾಯಿ ಜಾರಿತ್ತು. ಬೆಳ್ಳುಳ್ಳಿಯನ್ನೂ ಹಬ್ಬದ ದಿನ ಹೊರಗಿಡುವ ಮನೆ ನಮ್ಮದು. ಯಜಮಾನರು ತಟ್ಟನೆ ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕತೊಡಗಿದರು. ಅತ್ತೆ ಮಾತ್ರ ಒಂದು ಗಳಿಗೆ ರ‍್ಯಾಕೆಟ್ಟನ್ನು ನೋಡಿ, "ಅದಕ್ಕೇನೀಗ? ನಮ್ಮಪ್ಪ ಮೃದಂಗ ನುಡಿಸ್ತಿದ್ರು. ಅದಕ್ಕೇನು ಬಾಳೆಎಲೆ ಬಿಗಿದಿರ್ತಾರೇನೆ? ಅದನ್ನೂ ದೇವರ ಮುಂದೇನೇ ಇಡ್ತಿದ್ವಿ" ಎಂದು ಹೇಳಿ, ದೋಷವೇನಾದರೂ ಇದ್ದರೆ ಕಳೆಯಲಿ ಎಂದು ಇನ್ನೊಂದು ಉದ್ಧರಣೆ ತೀರ್ಥ ಅದರ ಮೇಲೆ ಪ್ರೋಕ್ಷಿಸಿದರು.

ಇಡೀ ರಾತ್ರಿ ಫ್ಯಾನಿನ ಕೆಳಗಿಟ್ಟು ಒಣಗಿಸಿದೆ. ಮುಟ್ಟಿ ನೋಡಿದರೆ ಒರಟು ಒರಟು, ಅಲ್ಲಲ್ಲಿ ನಾರು ಎದ್ದಿತ್ತು. ಮರುದಿನ ಹೊರಡುವಾಗ ಯಜಮಾನರು ತಮ್ಮ ಇನ್ನೊಂದು ರ‍್ಯಾಕೆಟ್ಟನ್ನು ನನ್ನ ಮುಂದೆ ಹಿಡಿದು, "ಇದನ್ನೇ ತಗೊಂಡು ಆಡೇ, ಏನೀಗ?" ಎಂದರು. ಕ್ಲಬ್ಬಿನವರೆಲ್ಲರ ಮುಂದೆ ಸಾರಿದ್ದು ನಾನಲ್ಲವೇ? "ಹರಿಯಲ್ಲ ಅಂದ್ಮೇಲೆ ಹರಿಯಲ್ಲ" ಎಂದು ನನ್ನದನ್ನೇ ಎತ್ತಿಕೊಂಡೆ.

ಎದುರಾಳಿಗಳು ಪರ್ಚೇಸ್ ವಿಭಾಗದ ಕಿರಣ್ ಮತ್ತು ಅವನ ಹೆಂಡತಿ ದಿವ್ಯಾ. ಇಬ್ಬರೂ ಚಿಕ್ಕ ವಯಸ್ಸಿನವರು, ಚುರುಕು ಹೆಚ್ಚು, ತಾಳ್ಮೆ ಕಮ್ಮಿ. ಅವರನ್ನು ಸೋಲಿಸಬಹುದಿತ್ತು. ಯಜಮಾನರು ಅಂದು ಮಂಡಿನೋವನ್ನೂ ಮರೆತು ಹುಡುಗನ ಹಾಗೆ ಓಡಿದರು. ನಾನು? ಪ್ರತಿ ಹೊಡೆತದ ನಂತರ ನನ್ನ ಕಣ್ಣು ಚೆಂಡಿನ ಕಡೆ ಹೋಗುವ ಬದಲು ಗಟ್ಟಿನ ಕಡೆ ಹೋಗುತ್ತಿತ್ತು. ಪಾಲಿ ಉಜ್ಜುವ ಜಾಗದಲ್ಲಿ ಇನ್ನೆಷ್ಟು ಉಳಿದಿದೆ, ಎಷ್ಟು ಭಾರ ತಡೆದೀತು ಎಂದು ಲೆಕ್ಕ ಹಾಕುತ್ತಾ ಹಾಕುತ್ತಾ ಕೈಯ ವೇಗ ತಾನಾಗಿ ಇಳಿಯಿತು. ಕೂಸಿಗೆ ಲಾಲಿ ಹಾಡುವಷ್ಟು ಮೆತ್ತಗೆ ಆಡುತ್ತಿದ್ದೆ. "ಹೊಡಿಯೇ, ಹೊಡಿಯೇ!" ಎಂದು ಯಜಮಾನರು ಹಿಂದಿನಿಂದ ಕೂಗುತ್ತಲೇ ಇದ್ದರು.

ಹೇಗೋ ಸಮಸಮಕ್ಕೆ ಬಂದು, ಕಡೆಯ ಆಟದಲ್ಲಿ ಅವರಿಗೆ ಗೆಲ್ಲಲು ಒಂದೇ ಪಾಯಿಂಟ್ ಬಾಕಿ ಇದ್ದಾಗ ದಿವ್ಯಾ ಹೊಡೆದ ಚೆಂಡು ನೆಟ್ಟಿನ ಬಳಿ ನನ್ನ ತಲೆಯ ಮೇಲೆ ಬಂದು ನಿಂತಿತು. ಬಾರಿಸಿದರೆ ಮುಗಿಯಿತು, ಆ ಪಾಯಿಂಟ್ ನಮ್ಮದೇ. ಆದರೆ ಬಾರಿಸಿದರೆ ಗಟ್ ಖಂಡಿತ ಹೋಗುತ್ತದೆ ಎಂದು ನನ್ನೊಳಗಿನ ಪರೀಕ್ಷಾ ವಿಭಾಗ ಹೇಳಿತು. ಚೆಂಡನ್ನು ಮೆಲ್ಲನೆ ಆಚೆ ತಳ್ಳಿದೆ. ಕಿರಣ್ ಅದನ್ನು ಓಡಿಬಂದು ನಮ್ಮಿಬ್ಬರ ನಡುವೆ ಹೊಡೆದ. ಪಂದ್ಯ ಮುಗಿಯಿತು. ಗಟ್ಟಿನ ಒಂದು ಎಳೆಯೂ ಹರಿದಿರಲಿಲ್ಲ. ಗೆದ್ದವರು ಕೈ ಎತ್ತುವ ಮೊದಲೇ ನಾನು ರ‍್ಯಾಕೆಟ್ಟನ್ನು ಮೇಲೆತ್ತಿ ಜನರತ್ತ ಬೀಸಿದ್ದೆ. ಒಂದಿಬ್ಬರು ಪಾಪ, ಗೊಂದಲದಲ್ಲೇ ಚಪ್ಪಾಳೆ ಹೊಡೆದರು. ಆಗ ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಾ ನಿಂತಿದ್ದ ಯಜಮಾನರು ಕಣ್ಣಿಗೆ ಬಿದ್ದರು. ನನ್ನ ಕೈ ತಾನಾಗಿ ಕೆಳಗಿಳಿಯಿತು.

ಮನೆಗೆ ಬಂದ ಮೇಲೆ ಅವರು ನನ್ನ ರ‍್ಯಾಕೆಟ್ಟನ್ನು ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಗಟ್ಟನ್ನು ಅಲ್ಲಲ್ಲಿ ಒತ್ತಿ ನೋಡಿದರು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಆಡಿ ಹಗುರವಾಗಬಹುದಿತ್ತು.

"ನೀನು ಹೇಳಿದ್ದೇ ಸರಿ ಕಣೆ ಸುಮಾ" ಎಂದರು. "ಹರೀಲಿಲ್ಲ."

ಮದುವೆಯಾದಂದಿನಿಂದ ಅವರ ಬಾಯಲ್ಲಿ ಒಮ್ಮೆ ಕೇಳಬೇಕೆಂದು ನಾನು ಕಾದಿದ್ದ ಮಾತು ಅದು. ಕೇಳಿದ ಮೇಲೆ ಎರಡು ದಿನ ಅವರ ಮುಖ ನೋಡಲಾಗಲಿಲ್ಲ.