ವಿಮಾನದ ಮುಂದ ನಾಲ್ಕು ಮಂದಿ

ಹಳೇ ಫೋಟೋ ಹುಡುಕ್ಕೋತ ಮನಿ ಮನಿ ತಿರುಗೋ ಮುದುಕಗ ಆಗಬಾರದ್ದೆಲ್ಲಾ ಆಗತಾವ. ನನಗಂತೂ ಊರಿಗೊಂದು ಆಗ್ಯಾವ. ನಗೂದಿದ್ರ ನಗ್ರಿ, ನನಗ ಮಾತ್ರ ಸಾಕಾಗೇತಿ.

ನಾನು ಇಂಡ್ಯಾಂವ, ವಾಯುಪಡೆಯೊಳಗ ಮೆಕ್ಯಾನಿಕ್ ಇದ್ದೆ. ಡಕೋಟಾ ವಿಮಾನದ ಕೆಳಗ ಮಲಗಿ ಮೈಗೆಲ್ಲಾ ಎಣ್ಣಿ ಬಡಕೊಂಡ ಬಾಳೇವು ನಮ್ದು. ನನ್ನ ಕೂಡ ಸಿಂದಗ್ಯಾಂವ ಒಬ್ಬ, ಬಾಗೇವಾಡ್ಯಾಂವ ಒಬ್ಬ, ಮುದ್ದೇಬಿಹಾಳದಾಂವ ಒಬ್ಬ. ಒಂದ ಜಿಲ್ಲಾದವರು ನಾಲ್ಕೂ ಮಂದಿ ನನ್ನ ವಿಮಾನಕ್ಕ ಗಂಟು ಬಿದ್ದೀರಲ್ಲೋ ಅಂತ ಪೈಲಟ್ ಸಾಹೇಬ್ರು ನಕ್ಕು, ನಮ್ಮನ್ನ ಅದರ ಮುಂದ ನಿಲ್ಲಿಸಿ ಫೋಟೋ ತಗದು, ತಲಿಗೊಂದು ಕೊಟ್ಟಿದ್ರು. ಈಗ ಆ ಮೂವರೂ ಇಲ್ಲ. ಮೊನ್ನೆ ಕುಂತಲ್ಲೆ ಬಾಗೇವಾಡ್ಯಾನ ಮುಖ ನೆನಸ್ಕೊಂಡ್ರ ನೆನಪಿಗೇ ಬರವಲ್ದು! ಹಿಂಗ ಒಬ್ಬೊಬ್ಬರ ಮುಖಾನೂ ಹೋದ್ರ ನನ್ನ ಹತ್ರ ಉಳಿಯೂದಾದರೂ ಏನು? ಗಡಬಡಿಸಿ ಟ್ರಂಕ್ ತಗದೆ.

ಇಂಡಿ: ನಮ್ಮ ಟ್ರಂಕ್

ಫೋಟೋಕ್ಕ ಗೆದ್ದಲ ಬಡದಿತ್ತು. ಎಲ್ಲಾರನ್ನೂ ತಿಂದು ವಿಮಾನದ ಬಾಲ, ಅದರ ಕೆಳಗ ನನ್ನ ಒಂದು ಬೂಟು, ಇಷ್ಟ ಬಿಟ್ಟಿತ್ತು. ತಲಿ ಮ್ಯಾಲೆ ಕೈ ಹೊತ್ತು ಕುಂತೆ. ನನ್ನ ಹೆಂಡತಿ ಬಗ್ಗಿ ನೋಡಿದ್ಲು.

"ನಿಮ್ಮ ಬೂಟು ಗೆದ್ದಲಕ್ಕೂ ಸೇರಿಲ್ಲ ನೋಡ್ರಿ," ಅಂದ್ಲು.

ಸಿಂದಗಿ: ಯಾರದೋ ಕೈ

ಮರುದಿನ ಬಸ್ ಹತ್ತಿ ಸಿಂದಗ್ಯಾನ ಮನಿಗೆ ಹೋದೆ. ಗ್ವಾಡಿ ಮ್ಯಾಲೆ ಗೆಳೆಯಾ ಒಬ್ಬನ ನಿಂತಾನ. ವಿಮಾನ ಇಲ್ಲ, ನಾವಿಲ್ಲ.

"ಫೋಟೋದ ಕಟ್ಟು ಸಣ್ಣದಿತ್ರಿ ಕಾಕಾ," ಅಂದ ಅವನ ಮಗ. "ಅದರಾಗ ಹಿಡೀಲಿಲ್ಲ. ಅಪ್ಪ ಒಬ್ಬನ್ನ ಇಟಗೊಂಡು ಉಳದದ್ದು ಕತ್ತರಿಸಿದ್ವಿ."

"ಉಳದದ್ದು ಎಲ್ಲೈತೋ ತಮ್ಮಾ?"

"ಕಟ್ಟು ಹಾಕಿದ ಅಂಗಡ್ಯಾಂವ ಕಸದ ಕೂಡ ಉಡುಗಿ ಒಗದಿರಬೇಕ್ರಿ."

ಕತ್ತರಿಸಿದವ ನೆಟ್ಟಗರೆ ಕತ್ತರಿಸ್ಯಾನೇನು? ಗೆಳೆಯಾನ ಹೆಗಲ ಮ್ಯಾಲೆ ಒಂದು ಕೈ ಹಂಗ ಉಳದಿತ್ತು. ಮೈ ಇಲ್ಲ, ತಲಿ ಇಲ್ಲ, ಬರೇ ಕೈ.

"ಆ ಕೈ ನಂದಪ್ಪ," ಅಂದೆ.

ಹುಡುಗ ಹಿಗ್ಗಿಬಿಟ್ಟ. "ಒಳ್ಳೇದಾತು ಬಂದ್ರಿ! ದೆವ್ವದ ಕೈ ಐತಿ ಅಂತ ನಮ್ಮವ್ವ ರಾತ್ರಿ ಫೋಟೋಕ್ಕ ಅರಿಬಿ ಮುಚ್ಚತಾಳ್ರಿ."

ಬಾಗೇವಾಡಿ: ಕೋಟು, ಜಲಪಾತ

ಇಲ್ಲಿ ಇನ್ನೂ ದೊಡ್ಡ ಫೋಟೋ. ಖುಷಿಲೆ ಹತ್ರ ಹೋಗಿ ನೋಡಿದ್ರ ಯಾವನೋ ಬೆಳ್ಳನ್ನ ಮನಷ್ಯಾ, ಕೋಟು ಟೈ ಹಾಕ್ಕೊಂಡು ಜಲಪಾತದ ಮುಂದ ನಿಂತಾನ. "ಇಂವಾ ಯಾರವ್ವಾ?" ಅಂದೆ. "ನಮ್ಮ ಮಾವಾರರಿ," ಅಂದ್ಲು ಸೊಸಿ. ನಾ ಹುಡುಕ್ಕೋತ ಬಂದಿದ್ದ ಮುಖಾನ ಅದು! ಗುರ್ತ ಸಿಗಲಿಲ್ಲ.

ಸಿಟ್ಟು ತಡೀಲಾರದ ಅದನ್ನ ಮಾಡಿದ ಸ್ಟುಡಿಯೋಕ್ಕ ಹೋದೆ.

"ಮೈತುಂಬ ಎಣ್ಣಿ ಕಲಿ ಇತ್ರಿ, ತಗದು ಕೋಟು ಹಾಕೇನಿ," ಅಂದ ಸ್ಟುಡಿಯೋದಾಂವ. "ಮುಖಾನೂ ಸ್ವಚ್ಛ ಮಾಡೇನಿ. ಹಿಂದ ಏನೋ ಕರ್ರನ್ನ ರೆಕ್ಕಿ ಅಡ್ಡ ಬಂದಿತ್ತು, ಅಳಿಸಿಬಿಟ್ಟೆ."

"ಅದು ವಿಮಾನೋ ಮಾರಾಯಾ! ಮೂಲ ಫೋಟೋ ಎಲ್ಲೈತಿ?"

"ಮನಿಯವರು ಒಯ್ದಾರ್ರಿ."

ತಿರುಗಿ ಮನಿಗೆ ಬಂದೆ. ಸೊಸಿ ಕಣ್ಣಾಗ ನೀರು ತಂದ್ಲು. "ಮಾವಾರಿಗೆ ಅದರ ಮ್ಯಾಲೆ ಭಾಳ ಜೀವರಿ. ಎದಿ ಮ್ಯಾಲೆ ಇಟ್ಟ ಮಣ್ಣು ಮಾಡಿದ್ವಿ."

ಏನಂತ ಬೈಲಿ? ಬಸ್ ಸ್ಟ್ಯಾಂಡಿಗೆ ಹೊಂಟಾಗ ಸ್ಟುಡಿಯೋದಾಂವ ಓಡಿ ಬಂದು ಮೊಬೈಲಿನ್ಯಾಗ ಬ್ಯಾರೆ ಒಂದು ವಿಮಾನ ತೋರಿಸಿದ. "ಅಜ್ಜಾರ, ವಿಮಾನಕ್ಯಾಕ ಇಷ್ಟ ಕೊರಗತೀರಿ? ಇದನ್ನ ಕೂಡಸ್ತೇನಿ ನೋಡ್ರಿ, ಭಾರಿ ಐತಿ. ಗಗನಸಖಿನೂ ಅದಾಳ."

ಮುದ್ದೇಬಿಹಾಳ: ವೈನಿ ಮಾಡಿದ ಪೂಜಿ

ಬಾಗಲಾ ತಗದವರು ಗೆಳೆಯಾನ ಹೆಂಡತಿ. ಇಂಡಿಯಿಂದ ಬಂದೇನ್ರಿ ವೈನಿ, ಅಂತ ನನ್ನ ಹೆಸರು ಹೇಳಿದೆ. ಆಕಿ ಬಾಗಲಾ ಗಟ್ಟಿ ಹಿಡಕೊಂಡು ಹಿಂದ ಸರದ್ಲು.

"ನೀವು... ಹೋಗಿಲ್ಲೇನ್ರಿ ಅಣ್ಣಾರ?"

"ಎಲ್ಲಿಗ್ರಿ?"

ಆಕಿ ದೇವರ ಜಗಲಿ ಕಡೆ ಬಟ್ಟು ಮಾಡಿದ್ಲು. ಅಲ್ಲಿತ್ತು ನನ್ನ ಫೋಟೋ! ಗೆದ್ದಲಿಲ್ಲ, ಕತ್ತರಿ ಇಲ್ಲ, ವಿಮಾನ ಪೂರಾ, ನಾವು ನಾಲ್ಕೂ ಮಂದಿ. ಮ್ಯಾಲೆ ಹೂವಿನ ಮಾಲಿ. ಗಾಜಿನ ಮ್ಯಾಲೆ ಮೂವರ ಹಣಿಗೆ ಕುಂಕುಮ, ವಿಮಾನದ ಮೂಗಿಗೆ ಕುಂಕುಮ, ನನ್ನ ಹಣಿಗೂ ಕುಂಕುಮ.

"ನೀವೂ ತೀರಿಕೊಂಡ್ರಿ ಅಂತ ಯಾರೋ ಹೇಳಿದ್ರರಿ," ಅಂದ್ಲು ವೈನಿ. "ನಮ್ಮನಿಯವರು ಅವತ್ತ ಉಣ್ಣಲಿಲ್ಲ. ನಾನೊಬ್ಬನ ಉಳದೆ ಅನಕೋತ ಹ್ವಾದ್ರು. ಹಿರಿಯರ ಹಬ್ಬಕ್ಕ ನಿಮಗೂ ಹೋಳಿಗಿ ಎಡಿ ಹಿಡೀತೇನ್ರಿ."

ಮನ್ಯಾಗ ಸಕ್ಕರಿ ಬ್ಯಾನಿ ಅಂತ ನನ್ನ ಹೆಂಡತಿ ಬೆಲ್ಲ ಮುಟ್ಟಾಕ ಬಿಡಂಗಿಲ್ಲ. ಇಲ್ಲಿ ನನ್ನ ಪಾಲಿನ ಹೋಳಿಗಿ ಕಾಗಿ ತಿನ್ನಾಕತ್ಯಾವ!

ನಗು ಬಂತು. ಆದ್ರ ಅಷ್ಟರಾಗ ಬಾಗೇವಾಡ್ಯಾನ ಮುಖ ಕಣ್ಣಿಗೆ ಬಿತ್ತು. ಮುರದ ಹಲ್ಲು ತೋರಿಸಿ ನಗಾಕತ್ತಿದ್ದ. ಇಂವನ, ಇಂವನ ಅವ! ನಾ ಇರೂದು ಗೊತ್ತಾಗದ ಮುದ್ದೇಬಿಹಾಳದಾಂವ ಹ್ವಾದ, ಈಗ ಖರೇನ ನಾನೊಬ್ಬನ ಉಳದೆ. ಅಳು ತಡಕೊಳ್ಳಾಕ ಆಗಲಿಲ್ಲ.

ಕುಂಕುಮಕ್ಕ ಅಳಾಕತ್ತಾರ ಅನಕೊಂಡ ವೈನಿ, ಸೆರಗು ನೀರಾಗ ಅದ್ದಿ ಫೋಟೋದಾಗಿನ ನನ್ನ ಹಣಿ ಒರಸೇಬಿಟ್ಲು. ಮೂವರಿಗೆ ಐತಿ, ವಿಮಾನಕ್ಕೈತಿ, ನನಗೊಬ್ಬನಿಗೆ ಇಲ್ಲ.

"ಹಚ್ಚಿಬಿಡ್ರಿ ವೈನಿ," ಅಂದೆ.

"ಶಿವಶಿವಾ! ಬದುಕಿದವರಿಗೆ ಹ್ಯಾಂಗ ಹಚ್ಚೂದ್ರಿ?"

"ಇಷ್ಟು ವರ್ಷ ಹಚ್ಚೀರಲ್ಲ, ನನಗೇನಾಗೇತಿ? ಗುಂಡಕಲ್ಲ ಇದ್ದಂಗ ಅದೇನಿ."

ವೈನಿ ನನ್ನನ್ನ ಮ್ಯಾಲಿಂದ ಕೆಳಗಿನ ತನಕಾ ನೋಡಿದ್ಲು. ಕುಂಕುಮದ ಬಟ್ಟಲಾ ತಗೊಂಡು ಫೋಟೋದಾಗಿನ ಗಂಡನ ಮುಖದ ಕಡೆ ಹೊಳ್ಳಿದ್ಲು.

"ಹೌದ ನೋಡ್ರಿ ಅಣ್ಣಾರ," ಅಂದ್ಲು. "ಇವರಿಗೂ ಇದ್ದಾಗನ ಹಚ್ಚಿಬಿಡಬೇಕಾಗಿತ್ತು."