ಪಡುವಣಕ್ಕೆ ಹೋದ ಬ್ಯಾಗು

ತೊಂದರೆ ಶುರುವಾದದ್ದು ಪ್ಯಾರಿಸ್ಸು ಯಾವ ದಿಕ್ಕಿಗಿದೆ ಎಂಬ ಪ್ರಶ್ನೆಯಿಂದ.

ಕೇಳಿದವಳು ಎದುರು ಮನೆಯ ಆದೆಮ್ಮ. ಉತ್ತರ ಹೇಳಿದವಳು ಜಗದೀಶನ ಆರು ವರ್ಷದ ಮಗಳು. ಪುಸ್ತಕದ ನಕಾಶೆ ತೆಗೆದು ಪಡುವಣಕ್ಕೆ ಬೆರಳಿಟ್ಟಳು. ಆದೆಮ್ಮನ ಮುಖ ಸಣ್ಣಗಾಯಿತು. ಜಗದೀಶನ ಮನೆಯವರು ಪ್ಯಾರಿಸ್ಸಿನ ವಿಮಾನ ಹತ್ತುವುದು ಶುಕ್ರವಾರ. ಶುಕ್ರವಾರ ಪಡುವಣಕ್ಕೆ ಶೂಲ. ಅಂಥ ದಿನ ಆ ದಿಕ್ಕಿಗೆ ಮುಖ ಮಾಡಿದವರು ಅಂದುಕೊಂಡ ಊರು ಮುಟ್ಟಿದ್ದುಂಟೇ ಎಂದಳು.

ಪರಿಹಾರವೂ ಅವಳ ಸೆರಗಿನ ತುದಿಯಲ್ಲೇ ಇತ್ತು. ಪ್ರಸ್ಥಾನ ಇಡುವುದು. ಅಂದರೆ ಒಳ್ಳೆಯ ಗಳಿಗೆ ನೋಡಿ ಪ್ರಯಾಣಿಕನ ಒಂದು ಗಂಟನ್ನು ಮುಂಚಿತವಾಗಿ ಹೊರಡಿಸಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿಡುವುದು. ಗಂಟು ಹೊರಟರೆ ಮನುಷ್ಯನೂ ಹೊರಟಂತೆ. ಆಮೇಲೆ ಹೋಗುವಾಗ ಅದನ್ನೆತ್ತಿಕೊಂಡರಾಯಿತು. ಆದೆಮ್ಮನ ಮನೆ ಸರಿಯಾಗಿ ಪಡುವಣಕ್ಕೇ ಇತ್ತು.

ಹೀಗಾಗಿ ಗುರುವಾರ ಮುಂಜಾನೆ ಜಗದೀಶನ ನೀಲಿ ಬ್ಯಾಗು ರಸ್ತೆ ದಾಟಿ ಆದೆಮ್ಮನ ಮನೆ ಸೇರಿತು. ಒಳಗೆ ಸ್ವೆಟರು, ಕಿವಿ ಮುಚ್ಚುವ ಟೋಪಿ. ಮುಖ್ಯವಾದ ವಸ್ತು ಇದ್ದರೇ ಪ್ರಸ್ಥಾನ ಗಟ್ಟಿ ಎಂದು ಆದೆಮ್ಮ ಹೇಳಿದ್ದರಿಂದ, ಜಗದೀಶ ಅವಳಿಗೆ ತೋರಿಸದೆ ಪಕ್ಕದ ಜಿಪ್ಪಿನಲ್ಲಿ ಸೇರಿಸಿದ ಪಾಸ್‌ಪೋರ್ಟು.

ಅದೇ ಮಧ್ಯಾಹ್ನ ಹೆಂಡತಿ ಮಲ್ಲಿಕಾ ಮಕ್ಕಳನ್ನು ಕರೆದುಕೊಂಡು ರಾಯಚೂರಿನಿಂದ ಹೈದರಾಬಾದಿನ ಅತ್ತೆಯ ಮನೆಗೆ ಹೋದಳು. ಬೆಚ್ಚನೆಯ ಬಟ್ಟೆ ಕೊಳ್ಳುವುದಿತ್ತು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಜಗದೀಶನಿಗೆ ಕೊನೆಯದೊಂದು ರಾತ್ರಿ ಪಾಳಿ ಉಳಿದಿತ್ತು. ಮರುದಿನ ಅವನು ನೇರ ವಿಮಾನ ನಿಲ್ದಾಣಕ್ಕೆ ಬರುವುದೆಂದು ಮಾತಾಯಿತು.

ಪ್ರವಾಸಿ ತಂಡದ ಜೊತೆ ಹನ್ನೊಂದು ದಿನ, ಆರು ರಾಜಧಾನಿ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ. ಅಲ್ಲಿ ವಸಂತ, ಹಾದಿಯ ಎರಡೂ ಬದಿಗೆ ಹೂವಂತೆ. ಜಗದೀಶನಿಗೆ ಹೂವೂ ಬೇಕಿರಲಿಲ್ಲ, ರಾಜಧಾನಿಯೂ ಬೇಕಿರಲಿಲ್ಲ. ಪಾಳಿಯ ನೌಕರಿಯಲ್ಲಿ ಅವನು ತನ್ನ ಮಕ್ಕಳನ್ನು ನೋಡಿದ್ದು ಹೆಚ್ಚಾಗಿ ಮಲಗಿದ್ದಾಗ. ಮಗಳ ಹಲ್ಲು ಬಿದ್ದದ್ದು ಅವನಿಗೆ ಗೊತ್ತಾದದ್ದು ಎಂಟು ದಿನದ ಮೇಲೆ. ನಾಲ್ಕು ವರ್ಷದ ಮಗ ಒಮ್ಮೊಮ್ಮೆ ಅವನನ್ನು, ನೆಂಟರ ಮನೆಯ ನಾಯಿಯನ್ನು ನೋಡುವಂತೆ, ದೂರ ನಿಂತು ನೋಡುತ್ತಿದ್ದ. ಹನ್ನೊಂದು ದಿನ ಎಚ್ಚರವಿರುವ ಮಕ್ಕಳ ನಡುವೆ ಇರುವುದು, ಅಷ್ಟೇ ಅವನ ಯುರೋಪು.

ಪಾಳಿ ಮುಗಿಸಿ ಬಂದು ಮಲಗಿದ್ದ ಅವನಿಗೆ ಶುಕ್ರವಾರ ಎಚ್ಚರವಾದಾಗ ಒಂಬತ್ತೂವರೆ. ಮನೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿಯಿತ್ತು. ಏರ್‌ಕೂಲರು ಒಂದೇ ಮಾತಾಡುತ್ತಿತ್ತು. ಸ್ನಾನ ಮುಗಿಸಿ ಆದೆಮ್ಮನ ಬಾಗಿಲಿಗೆ ಹೋದರೆ ಅಂಗೈಯಷ್ಟು ದೊಡ್ಡ ಬೀಗ. ಫೋನು ಮಾಡಿದ. ಅದು ಬೀಗದೊಳಗಿಂದಲೇ ಬಡಿದುಕೊಂಡಿತು.

ಪಕ್ಕದ ಮನೆಯ ಅಬ್ದುಲ್ ವಹೀದ್ ಗೂಡ್ಸ್ ಆಟೋಕ್ಕೆ ಕಲ್ಲಂಗಡಿ ತುಂಬುತ್ತಿದ್ದ. ಆದೆಮ್ಮ ಏಳು ಗಂಟೆಗೆ ಜಗದೀಶನ ಬಾಗಿಲು ಬಡಿದು ಬಡಿದು ಸಾಕಾಗಿ, ಇವನು ಪಾಳಿ ಮುಗಿಸಿ ಶಕ್ತಿನಗರದಿಂದ ಹಾಗೇ ಹೈದರಾಬಾದಿಗೆ ಹೋದನೆಂದು ತೀರ್ಮಾನಿಸಿದಳಂತೆ. ಅವಳು ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಹೊರಟಿದ್ದಳು. ಬ್ಯಾಗನ್ನೂ ಒಯ್ದಳಂತೆ.

"ಬ್ಯಾಗ್ ಯಾಕ ಒಯ್ದಳು ಚಾಚಾ?"

"ಪ್ರಸ್ಥಾನ ಬೀಗದೊಳಗ ಇಡಬಾರ್ದಂತ್ರೀ. ಹೋದವರ ಹಾದಿಗೂ ಬೀಗ ಬೀಳ್ತದಂತ. ಬಹಳ ಕಾಳಜಿ ಐತಿ ನಿಮ್ಮ ಮ್ಯಾಲ," ಎಂದು ವಹೀದ್ ಹಗ್ಗ ಬಿಗಿದ. "ಬರ್ರಿ, ನಾನೂ ಮಾನ್ವಿಗೇ ಹೊಂಟೀನಿ."

ವಿಮಾನ ರಾತ್ರಿ ಎಂಟೂವರೆಗೆ. ಮಧ್ಯಾಹ್ನ ಒಂದರೊಳಗೆ ರಾಯಚೂರು ಬಿಟ್ಟರೆ ಸಾಕು. ಜಗದೀಶ ಹತ್ತಿ ಕೂತ. ಆಗಲೇ ಮಲ್ಲಿಕಾಳ ಫೋನು ಬಂತು. ಬ್ಯಾಗು ತೆಗೆದುಕೊಂಡಿರಾ ಎಂದು ಕೇಳಿದಳು. ಮಲ್ಲಿಕಾ ಒಳ್ಳೆಯವಳು, ಆದರೆ ಜಗದೀಶ ಏನನ್ನಾದರೂ ಕಳೆದುಕೊಂಡಾಗ ಹಿಂದೆ ಕಳೆದುಕೊಂಡದ್ದನ್ನೆಲ್ಲ ಮದುವೆಯ ದಿನದಿಂದ ನೆನಪಿಸುತ್ತಿದ್ದಳು. ತೆಗೆದುಕೊಂಡೆ ಎಂದ. "ಅದರಾಗಿಂದು ಒಂದು..." ಎಂದು ಅವಳು ಶುರು ಮಾಡುವುದರಲ್ಲಿ ಬಸ್ಸು ಬಂತು ಎಂದು ಕಟ್ ಮಾಡಿದ.

ಅಜ್ಜಿಯರ ಕತೆಯಲ್ಲಿ ರಾಜಕುಮಾರನ ಕುದುರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಏಳು ಸಮುದ್ರ ದಾಟುತ್ತದೆ. ಅದರ ಬೆನ್ನ ಮೇಲೆ ಯಾರೂ ಕಲ್ಲಂಗಡಿ ಹೇರಿರುವುದಿಲ್ಲ. ವಹೀದನ ಆಟೋಕ್ಕೆ ಕೈ ಮಾಡದ ಮನುಷ್ಯನೇ ಆ ರಸ್ತೆಯಲ್ಲಿರಲಿಲ್ಲ. ಪ್ರತಿಯೊಬ್ಬರೂ ಹಣ್ಣನ್ನು ಮಗುವಿನ ಬೆನ್ನು ತಟ್ಟಿದಂತೆ ತಟ್ಟುವರು, ಕಿವಿಯಿಟ್ಟು ಕೇಳುವರು, ಬೇರೊಂದನ್ನು ಎತ್ತುವರು. ಪಕ್ಕದಲ್ಲಿ ಒಬ್ಬ ಯುರೋಪಿಗೆ ಹೊರಟಿದ್ದಾನೆಂದು ವಹೀದ್ ಎಲ್ಲರಿಗೂ ಅಭಿಮಾನದಿಂದ ಹೇಳುವನು. ಅವರು ಜಗದೀಶನನ್ನೂ ಒಮ್ಮೆ ತಟ್ಟುವಂತೆ ನೋಡುವರು.

ನೀರಮಾನ್ವಿ ಹತ್ತಿರ ಬರುವಾಗ ಮಕ್ಕಳು ವಿಡಿಯೋ ಕರೆ ಮಾಡಿದರು. ಇಬ್ಬರೂ ಹೊಸ ಉಣ್ಣೆ ಟೋಪಿ ಹಾಕಿಕೊಂಡು ಬೆವರುತ್ತಿದ್ದರು.

"ಪಪ್ಪಾ, ನಿನ್ನ ಹಿಂದ ಕಲ್ಲಂಗಡಿ ಯಾಕ ಅದಾವ?" ಮಗಳು ಕೇಳಿದಳು.

ಈಗೀಗ ಹೈದರಾಬಾದಿನ ಬಸ್ಸಿನಲ್ಲಿ ಇವನ್ನೂ ಕೂರಿಸುತ್ತಾರೆ ಎಂದ ಜಗದೀಶ. ಮಗ ಬಹಳ ಹೊತ್ತು ಅವನನ್ನೇ ನೋಡಿ, ಕಿಟಕಿಯ ಪಕ್ಕ ಯಾರು ಕೂರುವುದು ಎಂದು ಕೇಳಿದ. ನೀನು, ನಿನ್ನ ಪಕ್ಕ ನಾನು ಎಂದಾಗ ತಲೆಯಾಡಿಸಿದ. ಅಷ್ಟರಲ್ಲಿ ಮಲ್ಲಿಕಾ ಫೋನು ಕಸಿದುಕೊಂಡು, ಮುಂಜಾನೆಯಿಂದ ಒಂದು ಮಾತು ಹೇಳಬೇಕೆಂದಿದ್ದೇನೆ ಎಂದಳು. ಜಗದೀಶ ಸಿಗ್ನಲ್ ಇಲ್ಲ ಎಂದು ಪರದೆಯನ್ನು ಎದೆಗೊತ್ತಿಕೊಂಡ. ಅದು ಆರಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ.

ನೀರಮಾನ್ವಿಯ ಗುಡಿಯ ಹತ್ತಿರ ಬೇವಿನ ಮರದ ಕೆಳಗೆ ಆದೆಮ್ಮ ಬುತ್ತಿ ಬಿಚ್ಚಿದ್ದಳು. ಅವನನ್ನು ನೋಡಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

"ಯಪ್ಪಾ, ನೀ ಇನ್ನಾ ಇಲ್ಲೇ ಅದೀಯೇನೋ?"

"ನನ್ನ ಬ್ಯಾಗ್ ಎಲ್ಲಿ ಯವ್ವಾ?"

ಬ್ಯಾಗು ದೇವದುರ್ಗದ ಹಾದಿ ಹಿಡಿದಿತ್ತು. ಪಡುವಣಕ್ಕೆ ಬಂದ ಪ್ರಸ್ಥಾನವನ್ನು ಸಂಜೆ ಮೂಡಣದ ರಾಯಚೂರಿಗೆ ತಿರುಗಿ ಒಯ್ದರೆ ವಿಮಾನವೂ ತಿರುಗಿಬಿಟ್ಟೀತು ಎಂದು ಆದೆಮ್ಮನಿಗೆ ಹೆದರಿಕೆಯಾಯಿತು. ದೇವದುರ್ಗದಿಂದ ಗುಡಿಗೆ ಬಂದಿದ್ದ ತಂಗಿ ಬೂದೆಮ್ಮನ ಕೈಯಲ್ಲಿ ಕೊಟ್ಟುಬಿಟ್ಟಳು. ನೀನು ಊರು ಮುಟ್ಟುವ ತನಕ ಅದು ಮುಂದೆ ಮುಂದೆ ಹೋಗಬೇಕಪ್ಪಾ ಎಂದು ಕಣ್ಣು ಒರೆಸಿಕೊಂಡಳು. ಅವಳನ್ನು ಬೈಯುವುದು ಹೇಗೆಂದು ಜಗದೀಶನಿಗೆ ತಿಳಿಯಲಿಲ್ಲ.

ದೇವದುರ್ಗದಲ್ಲಿ ಕಲ್ಲಂಗಡಿಗೆ ರೇಟು ಚಲೋ ಇದೆ ಎಂದು ವಹೀದ್ ಸುಳ್ಳು ಹೇಳಿ ಗಾಡಿ ತಿರುಗಿಸಿದ. ಅರ್ಧ ದಾರಿಯಲ್ಲಿ ಟೈರು ಪಂಚರಾಯಿತು. ಹಣ್ಣು ಇಳಿಸಿ, ಟೈರು ಬದಲಿಸಿ, ಹಣ್ಣು ಏರಿಸಿದರು. ಮಲ್ಲಿಕಾಳ ಫೋನು ಮೂರು ಸಲ ಬಂತು. ಮೂರು ಸಲವೂ ಜಗದೀಶ ಅದನ್ನು ಹಾವು ನೋಡಿದಂತೆ ನೋಡಿ ಜೇಬಿಗಿಳಿಸಿದ.

ಬೂದೆಮ್ಮನ ಮನೆ ಮುಟ್ಟಿದಾಗ ನಾಲ್ಕು ಗಂಟೆ. ಬ್ಯಾಗು ಪಡಸಾಲೆಯಲ್ಲಿ ಮಣೆಯ ಮೇಲೆ, ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಹೆಣ್ಣು ನೋಡಲು ಬಂದ ವರನ ಹಾಗೆ ಕೂತಿತ್ತು. ಓಣಿಯ ಹೆಂಗಸರು ಸುತ್ತ ನೆರೆದಿದ್ದರು. ಜಗದೀಶ ಯಾರಿಗೂ ಮಾತು ಕೊಡದೆ ಪಕ್ಕದ ಜಿಪ್ಪು ಎಳೆದ.

ಪಾಸ್‌ಪೋರ್ಟು ಇರಲಿಲ್ಲ.

ಸ್ವೆಟರು ಕೊಡವಿದ. ಟೋಪಿ ಒಳಹೊರಗು ಮಾಡಿದ. ಹೆಂಗಸರು ಗುಸುಗುಸು ಶುರು ಮಾಡಿದರು. ಬೂದೆಮ್ಮ ಬಾಗಿಲಿಗೆ ಒರಗಿ ನಿಂತಳು.

"ದೇವರ ಮುಂದ ಇಟ್ಟಂಗ ಇಟ್ಟೀನ್ರೀ. ಬ್ಯಾರೇದವರ ಗಂಟಿಗೆ ಕೈ ಹಚ್ಚೋ ಮನಿ ಅಲ್ಲ ಇದು."

ಹಾಗಲ್ಲಮ್ಮ ಎಂದು ಜಗದೀಶ ಹೇಳುತ್ತಿದ್ದಂತೆ ಅವಳು ಕಾಳಿನ ಡಬ್ಬಿ, ಹಾಸಿಗೆ, ಸೀರೆಯ ಗಂಟು ಎಲ್ಲ ತಂದು ಅಂಗಳದಲ್ಲಿ ಸುರಿದಳು, ಹುಡುಕಿಕೊಳ್ಳಿ ಎಂದಳು. ವಹೀದನೂ ಮಾನಕ್ಕೆ ಹೆದರಿ ಕಲ್ಲಂಗಡಿಯನ್ನೆಲ್ಲ ಇನ್ನೊಮ್ಮೆ ಇಳಿಸಿದ. ಮಣೆಯ ಪಕ್ಕ ಕುಕ್ಕರಿಸಿದ್ದ ಜಗದೀಶನ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಇನ್ನು ಹೇಳಲು ಸುಳ್ಳು ಉಳಿದಿರಲಿಲ್ಲ. ಬೆಳಗಿನಿಂದ ಆದದ್ದನ್ನೆಲ್ಲ, ಶೂಲದಿಂದ ಹಿಡಿದು ಪಂಚರಿನ ತನಕ, ಒಂದೇ ಉಸಿರಿಗೆ ಒಪ್ಪಿಸಿದ.



"ನಿನ್ನೆ ಹೊಂಡೋ ಮುಂದ ಆದೆಮ್ಮನ ಮನಿಗೆ ಹೇಳಿ ಬರಾಕ ಹೋಗಿದ್ದೆ," ಎಂದಳು ಮಲ್ಲಿಕಾ. "ಪಾಸ್‌ಪೋರ್ಟ್ ಅಲ್ಲಿ ಬ್ಯಾಡ ಅಂತ ಆಕಿ ನೋಡದಾಗ ನಾನ ತಕ್ಕೊಂಡ್ ಬಂದೀನಿ. ನನ್ನ ಪರ್ಸಿನಾಗ ಅದ. ಮುಂಜಾನಿಂದ ಅದನ್ನ ಹೇಳಾಕತ್ತೀನ್ರೀ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಜಗದೀಶನಿಗೆ. ದೇವದುರ್ಗದಿಂದ ವಿಮಾನ ನಿಲ್ದಾಣ ಐದು ತಾಸು, ಉಳಿದದ್ದು ನಾಲ್ಕು. ತಂಡದ ಜೊತೆ ನೀವು ಹೋಗಿ ಎಂದು ಅವನೇ ಹೇಳಿದ. ಪಾಸ್‌ಪೋರ್ಟನ್ನು ಲಕೋಟೆಯಲ್ಲಿ ಹಾಕಿ ಅತ್ತೆಯ ಕೈಗೆ ಕೊಡುವುದು, ಅವನು ಮರುದಿನದ ವಿಮಾನ ಹಿಡಿದು ಪ್ಯಾರಿಸ್ಸಿನಲ್ಲಿ ಕೂಡಿಕೊಳ್ಳುವುದು ಎಂದಾಯಿತು. ಒಂದು ದಿನ ಹೋದರೇನು, ಇನ್ನೂ ಹತ್ತು ಉಳಿದವಲ್ಲ. ವಹೀದ್ ಒಂದು ಹಣ್ಣು ಒಡೆದು ಓಣಿಗೆಲ್ಲ ಹಂಚಿದ. ಬೂದೆಮ್ಮ ಮುನಿಸು ಬಿಟ್ಟು ರೊಟ್ಟಿ ಕಟ್ಟಿಕೊಟ್ಟಳು.

ರಾಯಚೂರಿನಲ್ಲಿ ಬಸ್ಸು ಬದಲಿಸಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಜಗದೀಶ ಹೈದರಾಬಾದಿನ ಹಾದಿ ಹಿಡಿದ. ಎಂಟೂಕಾಲಿಗೆ ಶಕ್ತಿನಗರದ ಚಿಮಣಿಗಳ ಕೆಂಪು ದೀಪ ಕಾಣಿಸಿದಾಗ ಮಲ್ಲಿಕಾಳ ಕರೆ ಬಂತು. ವಿಮಾನದೊಳಗಿಂದ.

ಲಕೋಟೆಯನ್ನು ಅತ್ತೆಗೆ ಕೊಟ್ಟೇ ಬಂದಿದ್ದಳು. ಆದರೆ ಅದರಲ್ಲಿದ್ದದ್ದು ಬಣ್ಣ ತುಂಬುವ ಮಗನ ಪುಟ್ಟ ಪುಸ್ತಕವಂತೆ. ಪಪ್ಪ ಬರುವುದಿಲ್ಲ ಎಂದು ಕೇಳಿದಾಗಿನಿಂದ ಹುಡುಗ ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ. ಯಾರೂ ನೋಡದಾಗ ಅದಲುಬದಲು ಮಾಡಿದ್ದ. ಪಾಸ್‌ಪೋರ್ಟು ಈಗ ಅವನ ತೊಡೆಯ ಮೇಲಿತ್ತು, ಬಾಗಿಲು ಹಾಕಿಯಾಗಿತ್ತು. ಜಗದೀಶನಿಗೆ ಅರ್ಥವಾಗುವಷ್ಟರಲ್ಲಿ ಮಗ ಫೋನು ತೆಗೆದುಕೊಂಡ. ಯಾರಿಗೂ ಕೇಳಬಾರದೆಂಬಂತೆ ಸಣ್ಣಗೆ ಹೇಳಿದ.

"ಪಪ್ಪಾ, ಅಂಜಬ್ಯಾಡ. ನಿನ್ನ ಫೋಟೋ ಇರೋ ಬುಕ್ ನನ್ನ ಹತ್ರ ಅದ. ನಿನ್ನ ನಾನ ಕರ್ಕೊಂಡ್ ಹೊಂಟೀನಿ. ಕಿಟಕಿ ಕಡೆ ನಿನ್ನೇ ಕುಂದರ್ಸೀನಿ."

ಕರೆ ಕಟ್ಟಾಯಿತು. ಜಗದೀಶ ಎದ್ದು ಕಂಬಿ ಹಿಡಿದು, ಇಲ್ಲೇ ಇಳಿಸಿರಿ ಎಂದ. ಟಿಕೀಟು ಹೈದರಾಬಾದಿನ ತನಕ ಇದೆಯಲ್ಲರೀ ಎಂದ ಕಂಡಕ್ಟರು.

"ನಾ ಆಗ್ಲೇ ಮುಂದ ಹೋಗೀನ್ರೀ," ಎಂದ ಜಗದೀಶ.