ಹೆಣೆದ ಚೀಲವನ್ನು ಬಿಚ್ಚಿಸಿದ ಉಪಕಾರಕ್ಕಾಗಿ

ಖಲೀಫಾ ಸಿಟಿಯಲ್ಲಿ ವಿರಾಜಮಾನವಾಗಿರುವ ‘ಗಾಫ್ ಅಂಡ್ ವೂಲ್’ ಕರಕುಶಲ ಶಾಲೆಯ ಸಂಸ್ಥಾಪಕಿ ಸುಸನ್ ಮೇಡಂ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಈ ಗಲ್ಫ್ ಊರಿನ ಹಮ್ದಾನ್ ಸ್ಟ್ರೀಟಿನ ಒಂದು ಟೈಪಿಂಗ್ ಸೆಂಟರಿನಲ್ಲಿ ಕುಳಿತು ಊರವರ ವೀಸಾ, ಬಾಡಿಗೆ ಕರಾರು, ಸಂಬಳದ ತಕರಾರು ಮುಂತಾದ ಅರ್ಜಿಗಳನ್ನು ಬರೆದುಕೊಡುತ್ತಲೇ ಕೂದಲು ನರೆಸಿಕೊಂಡ ಸೇಸಪ್ಪ ಎಂಬ ನಾನು, ತಾವು, ತಮ್ಮ ಶಾಲೆಯ ಏಸಿ, ತಮ್ಮ ಅಂಗಳದ ಗಾಫ್ ಮರ ಹಾಗೂ ಅದರ ನೆರಳಿನಲ್ಲಿ ಮಲಗುವ ಬಿಳಿ ಬೆಕ್ಕು ಎಲ್ಲವೂ ಕ್ಷೇಮವೆಂದು ನಂಬಿ, ಅತ್ಯಂತ ವಿನಯದಿಂದ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಇಷ್ಟು ವರ್ಷ ಪರರ ದೂರುಗಳನ್ನೇ ಬರೆದವನಿಗೆ ಸ್ವಂತದ್ದೊಂದು ದೂರನ್ನು ಒದಗಿಸಿಕೊಟ್ಟದ್ದಕ್ಕೆ ಮೊದಲಾಗಿ ತಮಗೆ ವಂದನೆಗಳು. ಇಂಗ್ಲಿಷಿನಲ್ಲಿ ಬರೆಯಬಹುದಿತ್ತು, ಆದರೆ ಆ ಭಾಷೆಯಲ್ಲಿ ನನಗೆ ಅರ್ಜಿ ಹಾಕಲು ಬರುತ್ತದೆಯೇ ಹೊರತು ಸಿಟ್ಟು ಮಾಡಲು ಬರುವುದಿಲ್ಲ. ಅನುವಾದ ಬೇಕಾದಲ್ಲಿ ತಾವು ನಮ್ಮ ಸೆಂಟರಿಗೇ ದಯಮಾಡಿಸಬಹುದು.

ಜುಲೈ ತಿಂಗಳಲ್ಲಿ ಊರಿನ ಟಿಕೆಟ್ಟಿಗೆ ಕೈಹಾಕಲು ಧೈರ್ಯವಿಲ್ಲದ ನಮ್ಮಂಥವರ ಮಕ್ಕಳು ಫ್ಲಾಟಿನೊಳಗೆ ಮೊಬೈಲು ಹಿಡಿದುಕೊಂಡು ಬಾಡುವುದನ್ನು ಕಂಡು ಮರುಗಿ ತಾವು ಏರ್ಪಡಿಸಿದ ಬೇಸಿಗೆ ನೂಲು ಶಿಬಿರಕ್ಕೆ, ನನ್ನ ಮಗಳು ಸಮೀಕ್ಷಾಳೂ ನಮ್ಮ ಎದುರು ಫ್ಲಾಟಿನ ಮೊಯ್ದೀನರ ಮಗಳು ಫರ್ಝಾನಳೂ ಕೈಕೈ ಹಿಡಿದುಕೊಂಡೇ ಸೇರಿದ್ದು ತಮಗೆ ನೆನಪಿರಬಹುದು. ಕಾರಿನ ಬಾಗಿಲು ಮುಟ್ಟಿದರೆ ಅಂಗೈ ಸುಡುವ ದಿನಗಳಲ್ಲಿ ಮಕ್ಕಳಿಗೆ ಉಣ್ಣೆಯ ಟೊಪ್ಪಿ ಹೆಣೆಯುವುದನ್ನು ಕಲಿಸುವ ತಮ್ಮ ದೂರದೃಷ್ಟಿಯ ತಲೆಬುಡ ಮೊದಲಿಗೆ ನನಗೆ ಅರ್ಥವಾಗಲಿಲ್ಲ. ತಮ್ಮ ಏಸಿಯ ಕೆಳಗೆ ಸ್ವಲ್ಪ ಹೊತ್ತು ಕುಳಿತ ಮೇಲೆ ಪೂರ್ತಿ ಅರ್ಥವಾಯಿತು. ಶಿಕ್ಷಕರಾದ ಕ್ಲೈವ್ ಸರ್ ಕೂಡ ಬಹಳ ಒಳ್ಳೆಯವರು. ಕ್ರೋಶಾ ಕಡ್ಡಿ ಹಿಡಿಯಲು ಬಾರದ ನನ್ನ ಮಗಳಿಗೆ ಅವರು ಗದರದೆ ಕಲಿಸಿದರೆಂಬುದನ್ನು ನಾನು ಈ ಸಿಟ್ಟಿನಲ್ಲಿಯೂ ಮರೆತಿಲ್ಲ.

ಇಲ್ಲಿ ಎದುರು ಮನೆಯ ಸಂಗತಿಯೊಂದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಮೊಯ್ದೀನರ ಕಂಪೆನಿ ಜೂನಿನಲ್ಲಿ ಬಾಗಿಲು ಮುಚ್ಚಿತು, ವೀಸಾ ಕ್ಯಾನ್ಸಲ್ ಆಯಿತು, ಶಿಬಿರ ಮುಗಿದ ವಾರದಲ್ಲಿಯೇ ಸಂಸಾರ ಸಮೇತ ಮಂಗಳೂರಿಗೆ ಹೊರಡುವುದೆಂದು ನಿಶ್ಚಯವಾಯಿತು. ರಜೆಗಲ್ಲ, ಖಾಯಂ ಆಗಿ. ಹಾಗೆ ಹೋಗುವ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಯಜಮಾನನೆಂದರೆ ಲಗೇಜು ತೂಗುವ ತಕ್ಕಡಿ. ಫರ್ಝಾನಳ ಸೈಕಲ್ಲು ವಾಚ್‌ಮನ್ನನ ಪಾಲಾಯಿತು, ಮೀನಿನ ತೊಟ್ಟಿ ನಮ್ಮ ಮನೆಗೆ ಬಂತು, ತುಂಬಿದ ಸೂಟ್‌ಕೇಸಿನಿಂದ ಅವಳ ತಾಯಿ ಹಲೀಮ ದಿನವೂ ಅದು ಬೇಡ ಇದು ಬೇಡವೆಂದು ಒಂದೊಂದನ್ನೇ ಹೊರಗೆಳೆಯುತ್ತಿದ್ದರು. ಆದ್ದರಿಂದ ಈ ಇಬ್ಬರು ಹುಡುಗಿಯರು ತಮ್ಮ ಶಾಲೆಯ ಬೆಂಚಿನ ಮೇಲೆ ಗುಟ್ಟಾಗಿ ತೀರ್ಮಾನ ಮಾಡಿಕೊಂಡರು: ಇವಳು ಅವಳಿಗೊಂದು, ಅವಳು ಇವಳಿಗೊಂದು ನೂಲಿನ ಹೆಗಲ ಚೀಲ ಹೆಣೆದು ಕೊಡುವುದು. ತಕ್ಕಡಿಯ ಮುಳ್ಳನ್ನು ಅಲುಗಿಸದ ವಸ್ತು ಅದೊಂದೇ ಎಂದು ಒಂಬತ್ತು ವರ್ಷದ ಮಕ್ಕಳಿಗೆ ಹೊಳೆದಿತ್ತು.

ಸಮೀಕ್ಷಾ ಹೆಣೆದ ಹಸಿರು ಚೀಲ ಒಂದು ಬದಿಗೆ ಸೊಟ್ಟಗಿತ್ತು. ಫರ್ಝಾನ ಹೆಣೆದದ್ದರ ಪಟ್ಟಿ ಎಷ್ಟು ಉದ್ದವಾಗಿತ್ತೆಂದರೆ ಚೀಲ ಮಗಳ ಮೊಣಕಾಲಿಗೆ ಬಡಿಯುತ್ತಿತ್ತು. ಆದರೂ ಕೊನೆಯ ದಿನದ ಪ್ರದರ್ಶನದಲ್ಲಿ ಅವೆರಡೂ ಬಟ್ಟೆಯ ಕ್ಲಿಪ್ಪಿನಲ್ಲಿ ಅಕ್ಕಪಕ್ಕ ತೂಗುವುದನ್ನು ನೋಡಲು ನಾವು ಎರಡೂ ಮನೆಯವರು ಮದುವೆಗೆ ಹೊರಟವರಂತೆ ಹೊರಟು ಬಂದೆವು. ಹಲೀಮ ಮನೆಯಿಂದಲೇ ಸಮೋಸ ಕರಿದು ತಂದಿದ್ದರು, ತಾವೂ ಎರಡು ತಿಂದಿರಿ.

ಸಮೋಸ ಮುಗಿದ ಮೇಲೆ ತಾವು ಎದ್ದು ನಿಂತು, ಮುಖ್ಯವಾದದ್ದು ಮಾಡಿದ ವಸ್ತುವಲ್ಲ, ಮಾಡಿದ ಅನುಭವ, ಆದ್ದರಿಂದ ಮಕ್ಕಳು ಈಗ ತಮ್ಮ ತಮ್ಮ ಹೆಣಿಗೆಯನ್ನು ತಾವೇ ಬಿಚ್ಚಿ ನೂಲನ್ನು ಮುಂದಿನ ತಂಡಕ್ಕೆ ಬಿಟ್ಟುಕೊಡುವ ಸುಂದರ ಆಚರಣೆ ನಡೆಯಲಿದೆ ಎಂದು ಘೋಷಿಸಿದಿರಿ. ಇಂಥದೊಂದು ಆಚರಣೆ ಇದೆಯೆಂದು ಅದುವರೆಗೆ ಯಾರೂ ನಮಗಾಗಲಿ ಮಕ್ಕಳಿಗಾಗಲಿ ಬಾಯಿಬಿಟ್ಟಿರಲಿಲ್ಲ. ಕ್ಲೈವ್ ಸರ್ ನೂಲು ಸುತ್ತುವ ಯಂತ್ರವನ್ನು ಮೇಜಿನ ಮೇಲಿಟ್ಟು, ನೆಲ ನೋಡಿಕೊಂಡು, ‘ಯಲ್ಲಾ’, ಶುರುಮಾಡಿ ಎಂದರು. ಮಕ್ಕಳು ಸಾಲಾಗಿ ನಿಂತರು. ಟೊಪ್ಪಿಗಳು ಹೋದವು, ಯಾರದೋ ಮೊಲದ ಗೊಂಬೆ ಕಿವಿಯಿಂದ ಆರಂಭವಾಗಿ ಬಾಲದವರೆಗೆ ಹೋಯಿತು, ಹಸಿರು ಚೀಲವೂ ಹೋಯಿತು, ಉದ್ದ ಪಟ್ಟಿಯದೂ ಹೋಯಿತು. ತಾವು ಚಪ್ಪಾಳೆ ತಟ್ಟಿದಿರಿ. ಆ ಬಳಿಕ ಪ್ರತಿ ಮಗುವಿಗೂ ನೆನಪಿನ ಕಾಣಿಕೆಯೆಂದು ಒಂದೊಂದು ಕ್ರೋಶಾ ಕಡ್ಡಿಯನ್ನೂ, ಶಿಬಿರವನ್ನು ಯಶಸ್ವಿಯಾಗಿ ಪೂರೈಸಿದ್ದಾರೆಂಬ ಪ್ರಮಾಣಪತ್ರವನ್ನೂ ಕೊಟ್ಟಿರಿ. ಪ್ರಮಾಣಪತ್ರವನ್ನು ಮಾತ್ರ ಯಾರೂ ಬಿಚ್ಚದ ಹಾಗೆ ಲ್ಯಾಮಿನೇಟ್ ಮಾಡಿಸಿದ್ದು ತಮ್ಮ ಮುಂಜಾಗ್ರತೆಗೆ ಸಾಕ್ಷಿ.

ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ನನ್ನ ಮಗಳು ‘ಇಟ್ಸ್ ಓಕೆ ಪಪ್ಪಾ, ಇಟ್ಸ್ ಜಸ್ಟ್ ಯಾರ್ನ್, ಬರೀ ನೂಲು ತಾನೇ’ ಎಂದು ತಮ್ಮ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದಳು. ಫರ್ಝಾನ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಮೊಯ್ದೀನರಾದರೋ ಕೆಲಸ ಹೋದಂದಿನಿಂದ ಎಲ್ಲಕ್ಕೂ ಹೇಳುವಂತೆ ‘ಖಲಾಸ್ ಸೇಸಪ್ಪಣ್ಣ, ಬಿಟ್ಟುಬಿಡಿ ಮಾರಾಯ್ರೆ’ ಎಂದರು.

ಮಾನ್ಯರೇ, ಬಿಟ್ಟುಬಿಡುವುದನ್ನು ಕಲಿಸುವುದೇ ತಮ್ಮ ಉದ್ದೇಶವಾಗಿದ್ದಲ್ಲಿ ತಾವು ಇಷ್ಟು ಶ್ರಮಪಡಬೇಕಾಗಿರಲಿಲ್ಲ. ಈ ಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಪ್ರತಿ ಬೇಸಿಗೆ ಮುಗಿದು ಶಾಲೆ ತೆರೆದಾಗ ಪಕ್ಕದ ಬೆಂಚು ಖಾಲಿಯಿರುವುದನ್ನು ನೋಡಿ, ಯಾರನ್ನೂ ಏನೂ ಕೇಳದೆ ಪುಸ್ತಕ ತೆರೆಯುತ್ತಾರೆ; ಆ ವಿದ್ಯೆಯಲ್ಲಿ ಅವರು ಆಗಲೇ ಪದವೀಧರರು. ಅವರಿಗೆ ಕಲಿಯಲು ಉಳಿದಿದ್ದದ್ದು ಏನನ್ನಾದರೂ ಇಟ್ಟುಕೊಳ್ಳುವುದು, ಅದಕ್ಕಾಗಿಯೇ ಅವರು ತಮ್ಮಲ್ಲಿಗೆ ಬಂದಿದ್ದರು.

ಮರುದಿನ ನಾನೂ ಮೊಯ್ದೀನರೂ ಮಕ್ಕಳನ್ನು ಕರೆದುಕೊಂಡು ಬಂದು, ಚೀಲ ಹೋದರೆ ಹೋಗಲಿ, ಆ ನೂಲಿನ ಉಂಡೆಗಳನ್ನಾದರೂ ಕೊಡಿಸಬೇಕೆಂದು ಬೇಡಿಕೊಂಡಾಗ, ಅದು ಮುಂದಿನ ತಂಡದ ಸೊತ್ತೆಂದು ತಾವು ಕಚೇರಿಯ ಕೋಣೆಯಲ್ಲಿ ಕುಳ್ಳಿರಿಸಿಕೊಂಡು ಬಹಳ ಹೊತ್ತು, ಬಹಳ ಮೃದುವಾಗಿ ವಿವರಿಸಿದಿರಿ. ಅಷ್ಟೂ ಹೊತ್ತು ಮಕ್ಕಳಿಬ್ಬರು ಹೊರಗಿನ ಸೋಫಾದಲ್ಲಿ, ತಾವೇ ಕೈಯಾರೆ ಹೆಣೆದು ಗೋಡೆಗೆ ತೂಗುಹಾಕಿರುವ ಆ ಭಾರೀ ಬಿಳಿ ಕ್ರೋಶಾ ಪರದೆಯ ಕೆಳಗೆ, ಒಂದಿಷ್ಟೂ ಗಲಾಟೆಯಿಲ್ಲದೆ ಕುಳಿತಿದ್ದರು. ಅದರ ಪಕ್ಕದಲ್ಲಿ ‘ದಯವಿಟ್ಟು ಮುಟ್ಟಬೇಡಿ’ ಎಂಬ ಫಲಕವಿದೆ. ಶಾಲೆ ತೆರೆದ ವರ್ಷದಿಂದಲೂ ಅದು ಹಾಗೆಯೇ ತೂಗುತ್ತಿದೆಯೆಂದು ಕ್ಲೈವ್ ಸರ್ ಹೇಳಿದರು. ವಸ್ತು ಮುಖ್ಯವಲ್ಲವೆಂಬ ಮಾತು ತಮ್ಮ ಶಾಲೆಯ ಯಾವ ಗೋಡೆಯವರೆಗೆ ಅನ್ವಯಿಸುತ್ತದೆಂದು ತಿಳಿಸಿದಲ್ಲಿ ಉಪಕಾರವಾಗುತ್ತದೆ.

ಬಿಚ್ಚುವ ಕಲೆಯಲ್ಲಿ ತಮಗಿರುವ ಪರಿಣತಿಯನ್ನು ಕಣ್ಣಾರೆ ಕಂಡವನಾದ್ದರಿಂದ ಕೆಲವು ಸಣ್ಣ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ಮೊಯ್ದೀನರ ವೀಸಾ ಕ್ಯಾನ್ಸಲ್ ಆದದ್ದನ್ನು ದಯಮಾಡಿ ತುದಿಯಿಂದ ಬಿಚ್ಚಿಕೊಡಬೇಕು. ಆ ಅರ್ಜಿಯನ್ನು ಈ ಕೈಯಿಂದಲೇ ಟೈಪು ಮಾಡಿದ್ದೇನೆ, ನನ್ನಿಂದ ಬಿಚ್ಚಲಾಗಲಿಲ್ಲ. ಅದಾದ ಮೇಲೆ ಅವರು ಹೋದ ವಿಮಾನವನ್ನು ತಮ್ಮ ಯಂತ್ರಕ್ಕೆ ಸಿಕ್ಕಿಸಿ ಮೆಲ್ಲಗೆ ಹಿಂದಕ್ಕೆ ಸುತ್ತಬೇಕು. ಎದುರು ಫ್ಲಾಟಿನ ಬಾಗಿಲಿಗೆ ಮಾಲೀಕರು ಹೊಡೆದಿರುವ ಹೊಸ ಬಣ್ಣವನ್ನೂ, ಅಲ್ಲಿಗೆ ಬಂದಿರುವ, ನಮ್ಮ ಮುಖ ಕಂಡರೆ ಲಿಫ್ಟಿನ ಬಟನ್ ಒತ್ತಿಬಿಡುವ ಹೊಸ ಬಾಡಿಗೆದಾರರನ್ನೂ ಸಾವಕಾಶವಾಗಿ ಬಿಚ್ಚಿದರೆ ಸಾಕು. ಇವುಗಳಲ್ಲಿ ಯಾವುದೂ ಸಾಧ್ಯವಾಗದಿದ್ದಲ್ಲಿ, ತಾವು ತಿಂದ ಎರಡು ಸಮೋಸಗಳ ಅನುಭವವನ್ನಾದರೂ ಹಲೀಮ ಅವರಿಗೆ ಹಿಂದಿರುಗಿಸುವ ದಾರಿಯನ್ನು ಹುಡುಕಬೇಕಾಗಿ ಪ್ರಾರ್ಥನೆ.

ಮುಂದಿನ ಬೇಸಿಗೆಯಲ್ಲಿಯೂ ತಮ್ಮ ಶಾಲೆಯ ಕೀರ್ತಿ ಹೀಗೆಯೇ ಹೆಣೆಯುತ್ತ, ಬಿಚ್ಚುತ್ತ ಬೆಳಗಲೆಂದು ಹಾರೈಸುವ,

ತಮ್ಮ ಶಿಬಿರದಲ್ಲಿ ಇಬ್ಬರು ಮಕ್ಕಳು ಕಲಿತ ಪಾಠವನ್ನು ಮರೆಯಲಾರದ
ತಮ್ಮ ವಿಶ್ವಾಸಿ,
ಸೇಸಪ್ಪ

ತಾ.ಕ.: ತಮ್ಮ ಬಿಳಿ ಪರದೆಯ ಕೆಳಗಿನ ಅಂಚು ಈಗ ಸೋಫಾದಿಂದ ಬಹಳ ಮೇಲೆ ನಿಂತಿರುವುದನ್ನು ತಾವು ಇಷ್ಟರಲ್ಲಿ ಗಮನಿಸಿರಬಹುದು. ಅಲ್ಲೊಂದು ಎಳೆ ಹೊರಗೆ ಇಣುಕುತ್ತಿತ್ತಂತೆ. ತಮ್ಮ ಇಬ್ಬರು ಉತ್ತಮ ವಿದ್ಯಾರ್ಥಿನಿಯರು, ನಾವು ಒಳಗೆ ತಮ್ಮ ಉಪದೇಶ ಕೇಳುತ್ತಿರುವಾಗ, ಹಿಂದಿನ ದಿನದ ಪಾಠವನ್ನು ತಾವೇ ಅಭ್ಯಾಸ ಮಾಡಿಕೊಂಡಿದ್ದಾರೆ. ಪ್ಯಾಕು ಮಾಡಿದ ರಟ್ಟಿನ ಪೆಟ್ಟಿಗೆಗಳ ಮೇಲೆ ಕುಳಿತು, ತಾವು ಕೊಟ್ಟ ಕಡ್ಡಿಗಳಿಂದಲೇ ಎರಡು ಬಿಳಿ ಚೀಲಗಳನ್ನು ಹೆಣೆದು ಮುಗಿಸಿದರು. ಒಂದು ಇಲ್ಲಿ ನನ್ನ ಮಗಳ ಹೆಗಲಲ್ಲಿದೆ, ಮಲಗುವಾಗಲೂ ತೆಗೆಯುವುದಿಲ್ಲ. ಇನ್ನೊಂದನ್ನು ವಿಮಾನ ನಿಲ್ದಾಣದ ತಕ್ಕಡಿಗೂ ಕೊಡದೆ ಫರ್ಝಾನ ಎದೆಗವಚಿಕೊಂಡು ಹೋದಳು. ಆಚರಣೆಯ ಪ್ರಕಾರ ಬಿಚ್ಚಲೇಬೇಕೆಂದು ತಮಗೆ ಅನ್ನಿಸಿದಲ್ಲಿ ಮೊದಲು ಮಂಗಳೂರಿನದನ್ನು ಬಿಚ್ಚಿಸಿ ಬನ್ನಿ. ಭಾರತದ ವೀಸಾಕ್ಕೆ ಅರ್ಜಿಯನ್ನು ನಾನೇ ಟೈಪು ಮಾಡಿಕೊಡುತ್ತೇನೆ, ಪ್ರಯಾಣದ ಉದ್ದೇಶವೆಂಬಲ್ಲಿ ಏನು ಬರೆಯಬೇಕೆಂದು ಮಾತ್ರ ತಾವೇ ಹೇಳಬೇಕು.